ಅಂಗಾಲಿನ ಕಮಾನಿಗೆ ಆಟದ ಭಾರ

ಮಗಳು ಶಾಲೆಯ ವಾಲಿಬಾಲ್ ತಂಡ ಸೇರಿ ಎರಡು ವರ್ಷವಾಯಿತು. ಬಚ್ಚಲಿಂದ ಒದ್ದೆ ಕಾಲಲ್ಲಿ ಬಂದರೆ ನೆಲದ ಮೇಲೆ ಇಡೀ ಅಂಗಾಲು ಮೂಡುತ್ತದೆ, ನಡುವೆ ಒಂದಿಷ್ಟೂ ಜಾಗ ಬಿಡುವುದಿಲ್ಲ. ಜಿಗಿದು ಜಿಗಿದು ಪಾದ ಚಪ್ಪಟೆಯಾಯಿತೇ, ಆಟ ಬಿಡಿಸಬೇಕೇ ಎಂಬ ಆತಂಕ ಹೆತ್ತವರದು. ಸೇನಾ ಭರ್ತಿ ರ‍್ಯಾಲಿಗೆ ತಯಾರಾಗುವ ಹುಡುಗರದು ಇದರ ತಿರುವುಮುರುವು. ಯಾರೋ ಪಾದ ನೋಡಿ ‘ನಿನ್ನದು ಫ್ಲ್ಯಾಟ್ ಫೂಟ್, ಮೆಡಿಕಲ್‌ನಲ್ಲಿ ಹೊರಗೆ ಹಾಕುತ್ತಾರೆ’ ಎಂದಿದ್ದೇ ತಡ, ಓಡಿದರೆ ಅಂಗಾಲಿಗೆ ಗುಳಿ ಬಂದೀತೆಂದು ನಸುಕಿನಲ್ಲೇ ಡಾಂಬರು ರಸ್ತೆಗೆ ಇಳಿಯುತ್ತಾರೆ. ಒಬ್ಬರಿಗೆ ಆಟ ಪಾದ ಕೆಡಿಸುತ್ತದೆಂಬ ಭಯ, ಇನ್ನೊಬ್ಬರಿಗೆ ಆಟವೇ ಪಾದ ತಿದ್ದುತ್ತದೆಂಬ ಆಸೆ. ಓಟ, ಜಿಗಿತದ ಆಟಗಳು ಪಾದವನ್ನು ಬದಲಿಸುವುದು ನಿಜ. ಆದರೆ ಹೆಚ್ಚು ಬದಲಾಗುವುದು ಒಳಗಿನ ಬಿಗಿ, ಬಲ, ಮೂಳೆಯ ಗಟ್ಟಿತನ. ಹೊರಗಿನ ಆಕಾರ ಅಷ್ಟು ಸುಲಭಕ್ಕೆ ಮಣಿಯುವುದಿಲ್ಲ. ಆ ಆಕಾರವನ್ನೇ ನೋಡುತ್ತ ಕೂತವರು ನೋಡಬೇಕಾದ್ದನ್ನು ನೋಡದೆ ಬಿಡುತ್ತಾರೆ.

ಒಂದೊಂದು ಪಾದದಲ್ಲೂ 26 ಮೂಳೆಗಳಿವೆ, 33 ಕೀಲುಗಳಿವೆ. ಹಿಮ್ಮಡಿಯಿಂದ ಹೆಬ್ಬೆರಳಿನ ಬುಡದವರೆಗೆ ಒಳಮಗ್ಗುಲಲ್ಲಿ ಒಂದು ಎತ್ತರದ ಕಮಾನು, ಹೊರಮಗ್ಗುಲಲ್ಲಿ ತಗ್ಗಿನದೊಂದು, ಪಾದಕ್ಕೆ ಅಡ್ಡಲಾಗಿ ಮತ್ತೊಂದು. ನಾವು ಚಪ್ಪಟೆ, ಎತ್ತರ ಎಂದು ಮಾತಾಡುವುದು ಒಳಮಗ್ಗುಲಿನ ಕಮಾನಿನ ಬಗ್ಗೆ. ಮೂಳೆಗಳ ಸಾಲು ಬಿಲ್ಲಾದರೆ, ಅಂಗಾಲಿನ ಉದ್ದಕ್ಕೂ ಬಿಗಿದ ಪ್ಲಾಂಟರ್ ಫೇಶಿಯಾ ಎಂಬ ಗಟ್ಟಿ ಪಟ್ಟಿ ಅದರ ಹೆದೆ. ಮೇಲಿನಿಂದ ಭಾರ ಬಿದ್ದಾಗ ಬಿಲ್ಲು ತುಸು ಅಗಲಿ ತಗ್ಗುತ್ತದೆ, ಹೆದೆ ಬಿಗಿಯುತ್ತದೆ, ಭಾರ ತೆಗೆದೊಡನೆ ಮೊದಲಿನಂತಾಗುತ್ತದೆ. ಹೆಬ್ಬೆರಳನ್ನು ಮೇಲಕ್ಕೆ ಮಡಚಿದರೆ ಈ ಪಟ್ಟಿ ಎಳೆದುಕೊಂಡು ಕಮಾನು ತಾನಾಗಿ ಏಳುತ್ತದೆ. 1954ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಜೆ. ಎಚ್. ಹಿಕ್ಸ್ ಇದನ್ನು ವಿವರಿಸಿದರು. ನಿಂತಲ್ಲೇ ನೀವೂ ನೋಡಬಹುದು. ಬರಿಗಾಲಲ್ಲಿ ನಿಂತು ಹೆಬ್ಬೆರಳನ್ನು ಕೈಯಿಂದ ಎತ್ತಿ ಹಿಡಿಯಿರಿ, ಒಳಮಗ್ಗುಲು ನೆಲ ಬಿಟ್ಟು ಮೇಲೇಳುತ್ತದೆ. ನೆಲ ಒದ್ದು ಮುಂದಕ್ಕೆ ಹಾರುವ ಆ ಕ್ಷಣದಲ್ಲಿ ಪಾದ ಮರದ ತುಂಡಿನಷ್ಟು ಗಟ್ಟಿಯಾಗಬೇಕು, ನೆಲಕ್ಕೆ ಬೀಳುವ ಕ್ಷಣದಲ್ಲಿ ಮೆತ್ತಗಾಗಬೇಕು. ಒಂದೇ ಅಂಗ ಸೆಕೆಂಡಿನ ಕಾಲು ಭಾಗದಷ್ಟು ಹೊತ್ತಿನಲ್ಲಿ ಈ ಎರಡೂ ಆಗುತ್ತದೆ. ದೇಹದಲ್ಲಿ ಇಷ್ಟು ಸೊಗಸಾಗಿ ಕೂಡಿಸಿದ ಇನ್ನೊಂದು ಅಂಗವನ್ನು ಹುಡುಕುವುದು ಕಷ್ಟ.

ಈ ಕಮಾನು ಬರೀ ಆನಿಕೆಯಲ್ಲ, ಸ್ಪ್ರಿಂಗ್ ಕೂಡ ಹೌದೆಂದು ಅಳೆದು ತೋರಿಸಿದ್ದು 1987ರಲ್ಲಿ, ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದ ಮ್ಯಾಕ್‌ನೀಲ್ ಅಲೆಕ್ಸಾಂಡರ್ ಮತ್ತು ಸಂಗಡಿಗರು. ಕಾಯಿಲೆಗಾಗಿ ಆಸ್ಪತ್ರೆಯಲ್ಲಿ ಕತ್ತರಿಸಿ ತೆಗೆದ ಪಾದಗಳನ್ನು ಯಂತ್ರದಲ್ಲಿಟ್ಟು ಒತ್ತಿ, ಎಷ್ಟು ಶಕ್ತಿ ಒಳಗೆ ಹೋಯಿತು, ಎಷ್ಟು ಮರಳಿ ಬಂತು ಎಂದು ನೋಡಿದರು. 70 ಕಿಲೋ ತೂಕದವರು ಓಡುವಾಗ ಒಂದೊಂದು ಹೆಜ್ಜೆಗೂ ಸುಮಾರು 100 ಜೂಲ್ ಶಕ್ತಿ ಕೈ ಬದಲಾಗುತ್ತದೆ. ಅದರಲ್ಲಿ 35 ಜೂಲ್ ಹಿಮ್ಮಡಿಯ ಮೇಲಿನ ಅಕಿಲಿಸ್ ಸ್ನಾಯುರಜ್ಜುವಿನಲ್ಲಿ, 17 ಜೂಲ್ ಪಾದದ ಕಮಾನಿನಲ್ಲಿ ಕೂಡಿಟ್ಟು ಮರಳಿ ಸಿಗುತ್ತದೆ ಎಂಬುದು ಅವರ ಲೆಕ್ಕ.

ಇನ್ನು ಆಟದ ಭಾರ. ನಡೆಯುವಾಗ ಪಾದದ ಮೇಲೆ ಬೀಳುವುದು ನಮ್ಮ ತೂಕಕ್ಕಿಂತ ತುಸು ಹೆಚ್ಚು. ಓಡುವಾಗ ಎರಡರಿಂದ ಮೂರು ಪಟ್ಟು. ವೇಗದ ಬೌಲರ್ ಚೆಂಡು ಬಿಡುವ ಮುನ್ನ ಮುಂಗಾಲನ್ನು ನೆಲಕ್ಕೆ ಅಪ್ಪಳಿಸುವಾಗ ಐದು ಪಟ್ಟು ದಾಟುತ್ತದೆ. ಟ್ರಿಪಲ್ ಜಂಪ್‌ನಲ್ಲಿ ಒಂಟಿ ಕಾಲಿನ ಮೇಲೆ ಇಳಿಯುವ ಘಳಿಗೆಗೆ 10 ಪಟ್ಟೂ ಮೀರುತ್ತದೆ. ಕಣ್ಣು ಕುಕ್ಕುವುದು ಆ ದೊಡ್ಡ ಅಂಕಿ, ಕಾಲು ಸವೆಸುವುದು ಮಾತ್ರ ಸಣ್ಣ ಅಂಕಿಯ ಪುನರಾವರ್ತನೆ. 60 ಕಿಲೋ ತೂಕದವರು 10 ಕಿಲೋಮೀಟರ್ ಓಡಿದರೆ ಒಂದೊಂದು ಪಾದವೂ ಹೆಚ್ಚುಕಡಿಮೆ 5000 ಸಲ ನೆಲ ಮುಟ್ಟುತ್ತದೆ. ಪ್ರತಿಸಲ ಎರಡೂವರೆ ಪಟ್ಟು ಎಂದು ಹಿಡಿದರೂ ಒಂದೇ ಬೆಳಗಿನಲ್ಲಿ ಒಂದು ಪಾದ ಹೊತ್ತಿದ್ದು 750 ಟನ್. ಪ್ರತಿವರ್ಷ ಬೆಂಗಳೂರಿನ ಓಟದ ಸ್ಪರ್ಧೆಗೆ ಹೆಸರು ಕೊಟ್ಟು ಒಂದೇ ತಿಂಗಳಲ್ಲಿ ಸಿದ್ಧರಾಗಲು ಹೊರಡುವವರು ಈ ಲೆಕ್ಕವನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳಬೇಕು.

ದೂರದ ಓಟ ಮುಗಿಸಿದ ಕೂಡಲೇ ಅಳೆದರೆ ಕಮಾನು ಕೆಲವು ಮಿಲಿಮೀಟರ್ ತಗ್ಗಿರುತ್ತದೆ. ಕಮಾನನ್ನು ಹಿಡಿದಿಡುವ ಸಣ್ಣ ಸ್ನಾಯುಗಳು, ಮೀನಖಂಡದ ಆಳದಿಂದ ಇಳಿದು ಪಾದದ ಒಳಮಗ್ಗುಲಿಗೆ ಬಂದು ಸೇರುವ ಟಿಬಿಯಾಲಿಸ್ ಪೋಸ್ಟೀರಿಯರ್ ಎಂಬ ದೊಡ್ಡ ಸ್ನಾಯು, ಎರಡೂ ದಣಿದಿರುತ್ತವೆ. ಅವು ಕೈಬಿಟ್ಟ ಭಾರ ಪಟ್ಟಿಯ ಮೇಲೆ, ಅಸ್ಥಿರಜ್ಜುಗಳ ಮೇಲೆ ಬೀಳುತ್ತದೆ. ಮ್ಯಾರಥಾನ್ ಓಡಿದವರಲ್ಲಿ ಈ ತಗ್ಗು ಒಂದು ರಾತ್ರಿಗೆ ಸರಿಹೋಗುವುದಿಲ್ಲ, ದಿನಗಳು ಬೇಕು. ಓಟದ ಮಾರನೆಯ ಬೆಳಗ್ಗೆ ಹಾಸಿಗೆಯಿಂದ ಇಳಿದು ಮೊದಲ ಹೆಜ್ಜೆ ಇಟ್ಟಾಗ ಹಿಮ್ಮಡಿಯಡಿ ಮೊಳೆ ಚುಚ್ಚಿದಂತಾದರೆ, ಆ ಪಟ್ಟಿ ತನ್ನ ಪಾಲಿಗಿಂತ ಹೆಚ್ಚು ಹೊತ್ತಿದೆ ಎಂದರ್ಥ. ಅಂಥ ಬೆಳಗ್ಗೆ ‘ಓಡಿದರೆ ಸಡಿಲವಾಗುತ್ತೆ’ ಎಂದು ಮತ್ತೆ ಶೂ ಕಟ್ಟುವವರಿದ್ದಾರೆ. ವಾರಗಟ್ಟಲೆ ಕಾಡುವ ಹಿಮ್ಮಡಿ ನೋವು ಶುರುವಾಗುವುದೇ ಅಲ್ಲಿಂದ.

ಸಾಕಷ್ಟು ವಿಶ್ರಾಂತಿ ಕೊಟ್ಟು ನಿಧಾನವಾಗಿ ಭಾರ ಏರಿಸಿದರೆ ಇದೇ ಪಾದ ಬೇರೆಯಾಗಿ ಬೆಳೆಯುತ್ತದೆ. ಸ್ನಾಯು ದಪ್ಪವಾಗುತ್ತದೆ, ಪಟ್ಟಿ ಬಿರುಸಾಗುತ್ತದೆ, ಭಾರ ಬೀಳುವ ದಿಕ್ಕಿನಲ್ಲಿ ಮೂಳೆ ಗಟ್ಟಿಯಾಗುತ್ತದೆ. ಮೆಕ್ಸಿಕೋದ ತರಾಹುಮಾರ ಜನ ತೆಳ್ಳನೆಯ ಅಟ್ಟೆಯ ಚಪ್ಪಲಿ ಕಟ್ಟಿಕೊಂಡು ಬೆಟ್ಟದ ದಾರಿಯಲ್ಲಿ ಬಲು ದೂರ ಓಡುವವರು. 2018ರಲ್ಲಿ ಪ್ರಕಟವಾದ ಹೋಲಿಕೆಯಲ್ಲಿ ಅವರ ಪಾದದ ಕಮಾನು, ದಪ್ಪ ಶೂ ಹಾಕುವ ಅಮೆರಿಕನ್ನರದಕ್ಕಿಂತ ಬಿರುಸಾಗಿಯೂ ಪಾದದ ಸಣ್ಣ ಸ್ನಾಯುಗಳು ದೊಡ್ಡದಾಗಿಯೂ ಕಂಡವು. ಕಮಾನು ಬಿರುಸಾಗಿದ್ದರೆ ಪ್ರತಿ ಹೆಜ್ಜೆಗೂ ಕುಸಿಯದೆ ನಿಲ್ಲುತ್ತದೆ.

ಆದರೆ ಕಮಾನು ಏಳುವ ವಯಸ್ಸು ಬೇರೆಯೇ ಇದೆ. ಈ ವಿಷಯದಲ್ಲಿ ಜಗತ್ತಿನ ವೈದ್ಯರು ಇಂದಿಗೂ ಎತ್ತಿ ಹೇಳುವ ಕೆಲಸವೊಂದು ನಮ್ಮ ಮಣಿಪಾಲದಿಂದ ಬಂದಿದೆ. ಕಸ್ತೂರಬಾ ಮೆಡಿಕಲ್ ಕಾಲೇಜಿನ ಮೂಳೆ ವೈದ್ಯರಾದ ರಾವ್ ಮತ್ತು ಬೆಂಜಮಿನ್ ಜೋಸೆಫ್ 4ರಿಂದ 13 ವರ್ಷದ 2300 ಮಕ್ಕಳ ಪಾದದ ಅಚ್ಚು ತೆಗೆದು ನೋಡಿದರು. 1992ರಲ್ಲಿ ಪ್ರಕಟಿಸಿದ ಫಲಿತಾಂಶ ಹೀಗಿತ್ತು: ಪಾದರಕ್ಷೆ ಹಾಕುವ ಮಕ್ಕಳಲ್ಲಿ ನೂರಕ್ಕೆ 8.6 ಮಂದಿಗೆ ಚಪ್ಪಟೆ ಪಾದ, ಬರಿಗಾಲಲ್ಲಿ ಓಡಾಡುವವರಲ್ಲಿ 2.8 ಮಂದಿಗೆ ಮಾತ್ರ. ಬೆರಳು ಮುಚ್ಚುವ ಶೂ ಹಾಕುವವರಲ್ಲಿ ಅತಿ ಹೆಚ್ಚು, ಚಪ್ಪಲಿ, ಸ್ಯಾಂಡಲ್‌ನವರಲ್ಲಿ ಕಡಿಮೆ, ಬರಿಗಾಲಿನವರಲ್ಲಿ ಎಲ್ಲಕ್ಕಿಂತ ಕಡಿಮೆ. ಕೀಲುಗಳು ಹುಟ್ಟಿನಿಂದಲೇ ಸಡಿಲವಿರುವ ಮಕ್ಕಳಲ್ಲಿ ಈ ಅಂತರ ಇನ್ನೂ ಎದ್ದು ಕಂಡಿತು. ಮೂರು ವರ್ಷದ ನಂತರ ಜೋಸೆಫ್ ಮತ್ತೊಬ್ಬ ವೈದ್ಯರೊಡನೆ, ಬೆಳವಣಿಗೆ ಪೂರ್ತಿಯಾದ 1846 ಮಂದಿಯ ಪಾದ ನೋಡಿ ವರದಿ ಮಾಡಿದರು. ಆರು ವರ್ಷಕ್ಕೂ ಮೊದಲೇ ಶೂ ತೊಡಲು ಶುರುಮಾಡಿದವರಲ್ಲಿ ಚಪ್ಪಟೆ ಪಾದ ನೂರಕ್ಕೆ 3.24, ಹದಿನಾರಕ್ಕೆ ಬಂದ ಮೇಲೆ ತೊಟ್ಟವರಲ್ಲಿ 1.75.

ಕೂಸಿನ ಅಂಗಾಲಿನಲ್ಲಿ ಕೊಬ್ಬಿನ ಮೆತ್ತೆ ಇರುವುದರಿಂದ ಹುಟ್ಟಿದಾಗ ಎಲ್ಲರದೂ ಚಪ್ಪಟೆಯಾಗಿಯೇ ಕಾಣುತ್ತದೆ. ನಡೆದು, ಓಡಿ, ಕುಪ್ಪಳಿಸಿ, ಉಬ್ಬುತಗ್ಗಿನ ನೆಲವನ್ನು ಬೆರಳುಗಳಿಂದ ಹಿಡಿದು ಆರರಿಂದ ಹತ್ತು ವರ್ಷದೊಳಗೆ ಕಮಾನು ಮೂಡುತ್ತದೆ. ಕುಂಟೆಬಿಲ್ಲೆ, ಮರಕೋತಿ, ಖೊ-ಖೊ, ಇವೆಲ್ಲ ಪಾದಕ್ಕೆ ಬೇಕಾದ ಭಾರವನ್ನು ಬೇಕಾದ ಹದದಲ್ಲಿ ಕೊಡುವ ಆಟಗಳು. ಎಲ್‌ಕೆಜಿ ಮಗುವನ್ನು ಬೆಳಗಿನಿಂದ ಸಂಜೆಯವರೆಗೆ ಗಟ್ಟಿ ಕಪ್ಪು ಶೂನಲ್ಲಿ ಕಟ್ಟಿಹಾಕಿ, ಆಟದ ಪೀರಿಯಡ್ಡಿನಲ್ಲೂ ಶೂ ಬಿಚ್ಚಗೊಡದೆ, ಹತ್ತನೇ ವರ್ಷಕ್ಕೆ ಪಾದ ಚಪ್ಪಟೆ ಎಂದು ಸಾವಿರಾರು ರೂಪಾಯಿಯ ಇನ್‌ಸೋಲ್ ಮಾಡಿಸುವುದನ್ನು ಕಂಡರೆ ಸಂಕಟವಾಗುತ್ತದೆ. ನೋವಿಲ್ಲದ, ಬಾಗುವ ಚಪ್ಪಟೆ ಪಾದಕ್ಕೆ ಇನ್‌ಸೋಲ್ ಕಮಾನು ಕಟ್ಟಿಕೊಡುವುದಿಲ್ಲ. ನೋವಿದ್ದರೆ ಅದು ಹಿತ ಕೊಡಬಹುದು, ಅಷ್ಟೇ. ಶಾಲೆಯ ಹಿಂದಿನ ಮಣ್ಣಿನ ಅಂಗಳ ಕೊಡುವುದನ್ನು ಅಂಗಡಿಯಿಂದ ತರಲಾಗದು.

ಬರಿಗಾಲಿಗೆ ಬೆಂಗಳೂರಿನಲ್ಲೊಂದು ಹೆಮ್ಮೆಯ ಚರಿತ್ರೆಯಿದೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು ಆಡಿದ ಭಾರತದ ಫುಟ್‌ಬಾಲ್ ತಂಡದಲ್ಲಿ ಬಹುಪಾಲು ಮಂದಿ ಬೂಟಿಲ್ಲದೆ ಕಣಕ್ಕಿಳಿದರು. ಎರಡು ಪೆನಾಲ್ಟಿ ಕೈತಪ್ಪಿ 1-2ರಿಂದ ಸೋತರು. ಭಾರತದ ಗೋಲು ಸಾರಂಗಪಾಣಿ ರಾಮನ್ ಅವರದು. ಆ ತಂಡದಲ್ಲಿದ್ದ ಬೆಂಗಳೂರಿನ ಅಹ್ಮದ್ ಖಾನ್ ಬರಿಗಾಲಲ್ಲಿ ಚೆಂಡನ್ನು ಅಂಟಿಸಿಕೊಂಡಂತೆ ಒಯ್ಯುವುದಕ್ಕೆ ಹೆಸರಾದವರು. ನಾಲ್ಕು ವರ್ಷದ ನಂತರ ಹೆಲ್ಸಿಂಕಿಯ ಚಳಿಯಲ್ಲಿ ಯುಗೊಸ್ಲಾವಿಯಾ ಎದುರು 1-10ರ ಸೋಲು ಕಂಡಾಗ ಭಾರತದ ಒಂದೇ ಗೋಲು ಹೊಡೆದವರೂ ಅವರೇ. ಅದಾದ ಮೇಲೆ ಬೂಟು ಕಡ್ಡಾಯವಾಯಿತು. ಚಳಿಯ ನೆಲಕ್ಕೆ, ಮೊಳೆಬೂಟಿನ ಎದುರಾಳಿಗೆ ಬರಿಗಾಲು ಸಾಟಿಯಲ್ಲ, ಆ ನಿರ್ಧಾರ ಸರಿಯಾಗಿಯೇ ಇತ್ತು. ಆದರೆ ಆ ಪಾದಗಳು ಬಲವಾಗಿದ್ದು ಬಾಲ್ಯದಿಂದ ಮಣ್ಣಿನ ಮೈದಾನದಲ್ಲಿ ಆಡಿ ಬೆಳೆದದ್ದರಿಂದ ಎಂಬುದನ್ನು ಮರೆಯಬಾರದು.

ವರ್ಷಗಟ್ಟಲೆ ಶೂನಲ್ಲಿ ಬೆಳೆದ ಪಾದವನ್ನು ಕೆಲವೇ ವಾರಗಳಲ್ಲಿ ಬರಿಗಾಲಿನ ಓಟಕ್ಕೆ ಒಗ್ಗಿಸಹೊರಟರೆ ಏನಾಗುತ್ತದೆಂದು ಅಮೆರಿಕದಲ್ಲಿ ಪರೀಕ್ಷಿಸಿ ನೋಡಿದ್ದಾರೆ. 36 ಓಟಗಾರರಲ್ಲಿ ಅರ್ಧದಷ್ಟು ಮಂದಿ 10 ವಾರ ಕಾಲ, ಬೆರಳಿಗೊಂದು ಗೂಡಿರುವ ತೆಳು ಶೂನಲ್ಲಿ ಓಡುವ ಪ್ರಮಾಣವನ್ನು ಹೆಚ್ಚಿಸುತ್ತ ಹೋದರು. ಕೊನೆಗೆ ಎಂಆರ್‌ಐ ತೆಗೆದಾಗ ಅವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿಯ ಪಾದದ ಮೂಳೆಯೊಳಗೆ ಊತ ಹೆಚ್ಚಿತ್ತು. 2013ರಲ್ಲಿ ಪ್ರಕಟವಾದ ಈ ಅಧ್ಯಯನ ಬರಿಗಾಲನ್ನೇ ಕೆಟ್ಟದ್ದು ಎನ್ನುವುದಿಲ್ಲ, ಅವಸರ ಕೆಟ್ಟದ್ದು ಎನ್ನುತ್ತದೆ.

ಮೂಳೆಯ ಸಂಗತಿಯಲ್ಲಿ ಸ್ವಲ್ಪ ನಿಲ್ಲಬೇಕು. ಹೊಸ ಭಾರ ಬಿದ್ದಾಗ ಮೂಳೆ ಮೊದಲು ತನ್ನನ್ನು ತಾನೇ ಕೊರೆದುಕೊಳ್ಳುತ್ತದೆ. ಹಳೆಯದನ್ನು ತೆಗೆಯುವ ಕೋಶಗಳು ಮೂರು ವಾರದಷ್ಟು ಕೆಲಸ ಮಾಡಿದ ಮೇಲೆ ಹೊಸದನ್ನು ತುಂಬುವ ಕೋಶಗಳು ಬರುತ್ತವೆ, ಆ ತುಂಬುವಿಕೆಗೆ ಮೂರು ತಿಂಗಳು ಹಿಡಿಯುತ್ತದೆ. ಹಾಗಾಗಿ ಜೋರು ತರಬೇತಿ ಶುರುವಾದ ಮೂರನೇ ವಾರದಿಂದ ಮುಂದಕ್ಕೆ ಕೆಲವು ಕಾಲ ಮೂಳೆ ಮೊದಲಿಗಿಂತ ಬಡವಾಗಿರುತ್ತದೆ. ಉಸಿರು ಆಗಲೇ ಹದಕ್ಕೆ ಬಂದಿರುತ್ತದೆ, ಸ್ನಾಯು ಹುಮ್ಮಸ್ಸಿನಲ್ಲಿರುತ್ತದೆ, ತರಬೇತುದಾರರು ‘ಇನ್ನೂ ನಾಲ್ಕು ಸುತ್ತು’ ಎನ್ನುತ್ತಾರೆ. ಪಾದದ ಎರಡನೇ ಅಥವಾ ಮೂರನೇ ನೀಳ ಮೂಳೆಯಲ್ಲಿ ಕೂದಲೆಳೆಯ ಬಿರುಕು ಬಿಡುವುದು ಆಗಲೇ. 1855ರಲ್ಲಿ ಪ್ರಷ್ಯಾದ ಸೇನಾ ವೈದ್ಯ ಬ್ರೈಟ್‌ಹಾಪ್ಟ್, ಕವಾಯತು ಮಾಡಿದ ಸೈನಿಕರ ಪಾದ ಊದಿ ನೋಯುವುದನ್ನು ಬರೆದಿಟ್ಟಿದ್ದರು. ಎಕ್ಸ್-ರೇ ಬಂದ ಮೇಲೆ, 1897ರಲ್ಲಿ, ಅದು ಮೂಳೆಯ ಬಿರುಕು ಎಂದು ಗೊತ್ತಾಯಿತು. ಶುರುವಿನಲ್ಲಿ ಎಕ್ಸ್-ರೇಗೂ ಕಾಣದಿರಬಹುದು. ಪಾದದ ಮೇಲ್ಭಾಗದಲ್ಲಿ ಒಂದೇ ಬಿಂದುವಿನಲ್ಲಿ ಬೆರಳಿಟ್ಟು ಒತ್ತಿದರೆ ಜೀವ ಹೋಗುವಷ್ಟು ನೋವಿದ್ದರೆ, ಎಕ್ಸ್-ರೇ ಸರಿಯಿದೆ ಎಂದು ಮತ್ತೆ ಓಡಿಸಬಾರದು. ಇಲ್ಲಿ ಹುಡುಗಿಯರ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕು. ಹೊಟ್ಟೆತುಂಬ ಊಟವಿಲ್ಲದೆ ದಿನಕ್ಕೆರಡು ಹೊತ್ತು ತರಬೇತಿ ಮಾಡುವ ಅಥ್ಲೀಟ್ ಹುಡುಗಿಗೆ ಮುಟ್ಟು ನಿಂತಿದ್ದರೆ, ಮೂಳೆ ತುಂಬಿಕೊಳ್ಳಲು ಬೇಕಾದ ಹಾರ್ಮೋನೂ ಸೊರಗಿದೆ ಎಂದೇ ಅರ್ಥ. ಕ್ರೀಡಾ ಹಾಸ್ಟೆಲ್‌ಗಳಲ್ಲಿ ಈ ಪ್ರಶ್ನೆಯನ್ನು ಸಂಕೋಚವಿಲ್ಲದೆ ಕೇಳುವ ಒಬ್ಬರಾದರೂ ಇರಬೇಕು.

ಹೊರಗಿನ ಆಕಾರ ಆಟದಿಂದ ಕೆಟ್ಟಿದ್ದು ಕಂಡರೆ ಬಹಳ ಸಲ ಅದು ಶೂನ ಕೆಲಸ. ಚೆಂಡಿನ ಸ್ಪರ್ಶ ಚೆನ್ನಾಗಿ ಸಿಗಲೆಂದು ಒಂದು ಸೈಜು ಕಡಿಮೆ ಬೂಟು ಹಾಕುವ ಫುಟ್‌ಬಾಲ್ ಹುಡುಗರ ಹೆಬ್ಬೆರಳು ಬರುಬರುತ್ತ ಪಕ್ಕದ ಬೆರಳಿನ ಕಡೆ ವಾಲಿ, ಬುಡದ ಗಂಟು ಹೊರಕ್ಕೆ ಉಬ್ಬುತ್ತದೆ. ವೇಗದ ಬೌಲರ್‌ಗಳ ಮುಂಗಾಲಿನ ಬೂಟನ್ನು ನೋಡಿದ್ದೀರಾ? ಹಲವರು ಹೆಬ್ಬೆರಳಿರುವ ಕಡೆ ಬ್ಲೇಡಿನಿಂದ ರಂಧ್ರ ಕೊರೆದುಕೊಂಡಿರುತ್ತಾರೆ. ಓಡಿ ಬಂದ ವೇಗವೆಲ್ಲ ಮುಂಗಾಲಿನಲ್ಲಿ ಒಮ್ಮೆಲೇ ನಿಂತಾಗ ಪಾದ ಬೂಟಿನೊಳಗೇ ಮುಂದಕ್ಕೆ ಜಾರಿ ಹೆಬ್ಬೆರಳು ತುದಿಗೆ ಗುದ್ದುತ್ತದೆ. ಓವರಿಗೆ ಆರು ಸಲ ಹಾಗಾದರೆ ಉಗುರು ಕಪ್ಪಾಗಿ ಕಿತ್ತುಬರುತ್ತದೆ. 2018ರ ಜಕಾರ್ತ ಏಷ್ಯನ್ ಗೇಮ್ಸ್‌ನಲ್ಲಿ ಹೆಪ್ಟಾಥ್ಲಾನ್ ಚಿನ್ನ ಗೆದ್ದ ಪಶ್ಚಿಮ ಬಂಗಾಳದ ಸ್ವಪ್ನಾ ಬರ್ಮನ್‌ಗೆ ಎರಡೂ ಪಾದದಲ್ಲಿ ಆರಾರು ಬೆರಳು. ಐದು ಬೆರಳಿಗೆ ಹೊಲಿದ ಶೂನಲ್ಲಿ ಅವರು ಓಡಿದರು, ಜಿಗಿದರು, ನೋವು ನುಂಗಿದರು. ಚಿನ್ನ ಬಂದ ಮೇಲಷ್ಟೇ ಅವರ ಪಾದಕ್ಕೊಪ್ಪುವ ಶೂ ಸಿಕ್ಕಿತು. ದೇಶದ ಅಥ್ಲೀಟ್‌ಗೆ ಇದು ಮೊದಲೇ ಸಿಗಬೇಕಿತ್ತು.

ನೆಲವೂ ಲೆಕ್ಕಕ್ಕೆ ಬರುತ್ತದೆ. ಮಣ್ಣಿನ ಅಂಕಣದಲ್ಲಿ ಕಬಡ್ಡಿ ಆಡುವಾಗ ಬರಿಗಾಲು ತುಸು ಜಾರಿ ನಿಲ್ಲುತ್ತದೆ. ಮ್ಯಾಟಿನ ಮೇಲೆ ಶೂ ಕಚ್ಚಿ ನಿಂತುಬಿಡುತ್ತದೆ, ಆ ಜಾರುವಿಕೆಯಲ್ಲಿ ಕರಗಬೇಕಾದ ಭಾರ ನೇರ ಪಾದಕ್ಕೆ, ಗಿಣ್ಣಿಗೆ, ಮಂಡಿಗೆ ಏರುತ್ತದೆ. ಹಳ್ಳಿಯಲ್ಲಿ ಮಣ್ಣಿನ ಮೇಲೆ ಕಲಿತು ಜಿಲ್ಲಾ ತಂಡಕ್ಕೆ ಆಯ್ಕೆಯಾದ ಹುಡುಗನನ್ನು ವಾರದೊಳಗೆ ಮ್ಯಾಟಿಗೆ ಇಳಿಸುವುದಕ್ಕಿಂತ, ತಿಂಗಳ ಕಾಲ ಎರಡರ ಮೇಲೂ ಆಡಿಸಿ ಒಗ್ಗಿಸುವುದು ಲೇಸು. ಅಪಾರ್ಟ್‌ಮೆಂಟಿನ ಸಿಮೆಂಟ್ ಅಂಕಣದಲ್ಲಿ ಬ್ಯಾಸ್ಕೆಟ್‌ಬಾಲ್ ಆಡುವ ಮಕ್ಕಳಿಗೂ ಇದೇ ಮಾತು.

ಎಂಟರಿಂದ ಹದಿನಾಲ್ಕರ ನಡುವಿನ ಮಗು ಆಟ ಮುಗಿಸಿ ಹಿಮ್ಮಡಿ ಊರದೆ ತುದಿಗಾಲಲ್ಲಿ ಬಂದರೆ ಹೆದರಬೇಕಿಲ್ಲ, ಬೈಯಲೂ ಬಾರದು. ಈ ವಯಸ್ಸಿನಲ್ಲಿ ಹಿಮ್ಮಡಿ ಮೂಳೆಯ ಹಿಂಬದಿಯಲ್ಲಿ ಇನ್ನೂ ಕೂಡಿಕೊಳ್ಳದ ಬೆಳವಣಿಗೆಯ ಪದರವಿರುತ್ತದೆ. ಕಾಲು ಸರಸರನೆ ಉದ್ದವಾಗುವ ತಿಂಗಳುಗಳಲ್ಲಿ ಮೀನಖಂಡದ ಬಿಗಿ ಅದನ್ನು ಎಳೆಯುತ್ತದೆ, ಜಿಗಿತದ ಪೆಟ್ಟು ಅದರ ಮೇಲೇ ಬೀಳುತ್ತದೆ. ಹಿಮ್ಮಡಿಯ ಎರಡು ಮಗ್ಗುಲನ್ನು ಹಿಡಿದು ಹಿಂಡಿದರೆ ಮಗು ಕಾಲು ಕಿತ್ತುಕೊಳ್ಳುತ್ತದೆ. 1912ರಲ್ಲಿ ಅಮೆರಿಕದ ಡಾ. ಸೆವರ್ ಇದನ್ನು ವಿವರಿಸಿದ್ದರಿಂದ ಅವರ ಹೆಸರೇ ನಿಂತಿದೆ. ಆಟ ಕಡಿಮೆ ಮಾಡಿ, ಮೀನಖಂಡ ಸಡಿಲಿಸುವ ವ್ಯಾಯಾಮ ಮಾಡಿಸಿದರೆ ಕಡಿಮೆಯಾಗುತ್ತದೆ. ಪದರ ಮೂಳೆಗೆ ಕೂಡಿಕೊಂಡ ಮೇಲೆ ಮತ್ತೆ ಬರುವುದಿಲ್ಲ. ಒಂದೇ ಆಟವನ್ನು ವರ್ಷವಿಡೀ, ಶಾಲೆಯ ತಂಡಕ್ಕೊಮ್ಮೆ, ಅಕಾಡೆಮಿಗೊಮ್ಮೆ, ಕ್ಲಬ್ಬಿಗೊಮ್ಮೆ ಆಡಿಸುವ ಮನೆಗಳಲ್ಲಿ ಇದು ಹೆಚ್ಚು.

ಭರ್ತಿ ರ‍್ಯಾಲಿಯ ಹುಡುಗರಿಗೂ ಉತ್ತರ ಇಲ್ಲೇ ಇದೆ. ಗೋಡೆಗೆ ಕೈಯಾನಿಸಿ ತುದಿಗಾಲಲ್ಲಿ ನಿಂತು, ಗೆಳೆಯನಿಗೆ ಹಿಂದಿನಿಂದ ನೋಡಲು ಹೇಳಿ. ಗುಳಿ ಮೂಡಿ, ಹಿಮ್ಮಡಿ ಒಳಕ್ಕೆ ತಿರುಗಿದರೆ ನಿಮ್ಮದು ಬಾಗುವ ಚಪ್ಪಟೆ ಪಾದ. ಯುಪಿಎಸ್‌ಸಿಯ ಎನ್‌ಡಿಎ ಅಧಿಸೂಚನೆಗಳಲ್ಲಿ ಅಚ್ಚಾದ ವೈದ್ಯಕೀಯ ಮಾನದಂಡವೂ ಹೀಗೆಯೇ ನೋಡುತ್ತದೆ: ತುದಿಗಾಲಲ್ಲಿ ನಿಂತಾಗ ಕಮಾನು ಕಾಣಿಸಿಕೊಂಡು, ಅಭ್ಯರ್ಥಿ ಚೆನ್ನಾಗಿ ಓಡಿ ಕುಪ್ಪಳಿಸಬಲ್ಲವನಾಗಿ, ಪಾದ ನೋವಿಲ್ಲದೆ ಸಲೀಸಾಗಿ ಆಡಿದರೆ ಅಡ್ಡಿಯಿಲ್ಲ. ತುದಿಗಾಲಲ್ಲೂ ಮೂಡದ, ಮರಗಟ್ಟಿದ ಪಾದವನ್ನೇ ಅವರು ತಡೆಯುವುದು. ಮೂಳೆಗಳು ಬೆಸೆದುಕೊಂಡಿರಬಹುದಾದ ಅಂಥ ಪಾದ ಡಾಂಬರು ರಸ್ತೆಯಲ್ಲಿ ಎಷ್ಟು ಓಡಿದರೂ ಬದಲಾಗದು. ಇನ್ನು ಅತಿ ಎತ್ತರದ ಕಮಾನು ಇದ್ದವರು ತಮ್ಮ ಪಾದ ಚೆನ್ನಾಗಿದೆ ಎಂದುಕೊಳ್ಳುತ್ತಾರೆ. ಅದು ಬಿರುಸು ಹೆಚ್ಚಾಗಿ ಪೆಟ್ಟು ಹೀರುವುದು ಕಡಿಮೆ. ಅಮೆರಿಕದ ಸೇನೆಗೆ ಸೇರಿದವರನ್ನು ನೋಡಿದ 1993ರ ಅಧ್ಯಯನದಲ್ಲಿ ಹೆಚ್ಚು ಗಾಯಗೊಂಡವರು ಚಪ್ಪಟೆ ಪಾದದವರಲ್ಲ, ಎತ್ತರದ ಕಮಾನಿನವರು.

ಪಾದಕ್ಕೆ ಬಲ ಬೇಕೆನ್ನುವವರು ಬರಿಗಾಲಲ್ಲಿ ನಿಂತು, ಬೆರಳು ಮಡಚದೆ, ಹೆಬ್ಬೆರಳಿನ ಬುಡವನ್ನು ಹಿಮ್ಮಡಿಯ ಕಡೆ ಎಳೆದುಕೊಳ್ಳುವ ವ್ಯಾಯಾಮ ಮಾಡಲಿ. ಪಾದ ಗಿಡ್ಡವಾದಂತೆ ಕಾಣುತ್ತದೆ, ಕಮಾನು ಏಳುತ್ತದೆ. ಐದು ಸೆಕೆಂಡು ಹಿಡಿದು ಬಿಡುವುದು, ಹತ್ತು ಸಲ. ಜೊತೆಗೆ ಮೆಟ್ಟಿಲಂಚಿನಲ್ಲಿ ನಿಂತು ಹಿಮ್ಮಡಿ ಏರಿಸಿ ಇಳಿಸುವುದು. ಹೊಸ ಶೂ ಬೇಕಾದರೆ ಅಂಗಡಿಗೆ ಸಂಜೆ ಹೋಗಿ, ದಿನವೆಲ್ಲ ಓಡಾಡಿದ ಪಾದ ಆಗ ಪೂರ್ತಿ ಹಿಗ್ಗಿರುತ್ತದೆ. ಓಟದ ಶೂನ ಮೆತ್ತೆ 500ರಿಂದ 800 ಕಿಲೋಮೀಟರಿಗೆ ಸೊರಗುತ್ತದೆ, ಮೇಲೆ ಹೊಸದರಂತೆ ಹೊಳೆದರೂ ಸರಿ.

ವೈದ್ಯರ ಬಳಿ ತಡಮಾಡದೆ ಹೋಗಬೇಕಾದವರು ಬೇರೆಯೇ ಇದ್ದಾರೆ. ನಲವತ್ತು ದಾಟಿದ ಮೇಲೆ ಮತ್ತೆ ಬ್ಯಾಡ್ಮಿಂಟನ್ ಶುರುಮಾಡಿದವರು, ತೂಕ ಹೆಚ್ಚಿರುವವರು, ಸಕ್ಕರೆ ಕಾಯಿಲೆಯವರು. ಇಷ್ಟು ವರ್ಷ ಸರಿಯಿದ್ದ ಕಮಾನು ಒಂದೇ ಕಾಲಿನಲ್ಲಿ ಕುಸಿಯತೊಡಗಿ, ಒಳಗಿಣ್ಣಿನ ಹಿಂದೆ ಊತ ಬಂದು, ಆ ಒಂಟಿ ಕಾಲಿನ ಮೇಲೆ ತುದಿಗಾಲಲ್ಲಿ ಏಳಲಾಗದಿದ್ದರೆ, ಕಮಾನನ್ನು ಮೇಲಿನಿಂದ ಹಿಡಿದಿದ್ದ ಟಿಬಿಯಾಲಿಸ್ ಪೋಸ್ಟೀರಿಯರ್‌ನ ಸ್ನಾಯುರಜ್ಜು ಸವೆಯುತ್ತಿದೆ ಎಂದು ಅನುಮಾನಿಸಬೇಕು. ಮೊದಲ ತಿಂಗಳುಗಳಲ್ಲಿ ಹೋದರೆ ಆಸರೆ ಪಟ್ಟಿ ಮತ್ತು ವ್ಯಾಯಾಮದಲ್ಲೇ ಹಿಡಿತಕ್ಕೆ ತರಬಹುದು. ವರ್ಷಗಟ್ಟಲೆ ಎಣ್ಣೆ ಹಚ್ಚಿ, ಕ್ರೇಪ್ ಬ್ಯಾಂಡೇಜ್ ಸುತ್ತಿ ಆಡುತ್ತ ಹೋದರೆ ಮುಂದೆ ಶಸ್ತ್ರಚಿಕಿತ್ಸೆಯೇ ಬೇಕಾಗಬಹುದು.